ಟೈಟಲ್ ದೃಶ್ಯಗಳಿಗೆ ಜೀವಂತ ಕೀಟಗಳು: ಫೋಕಸ್ ಮತ್ತು ಬೆಳಕಿನ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ನಾವು ಕೆಲವರು ಸೇರಿ ಮಾಡುತ್ತಿರುವ ಕಿರುಚಿತ್ರದ ಕಥೆ ವರ್ಷಗಟ್ಟಲೆ ಬೀಗ ಹಾಕಿದ್ದ ಮನೆಯೊಂದರಲ್ಲಿ ನಡೆಯುತ್ತದೆ. ಆರಂಭದ ಒಂದೂವರೆ ನಿಮಿಷ ಪತಂಗ, ಇರುವೆ, ದುಂಬಿಗಳನ್ನು ತೀರ ಹತ್ತಿರದಿಂದ ತೋರಿಸಿ, ಅವುಗಳ ನಡುವೆ ಹೆಸರುಗಳು ಮೂಡಿ ಮರೆಯಾಗುವಂತೆ ಮಾಡಬೇಕೆಂಬುದು ನನ್ನ ಆಸೆ. ಗ್ರಾಫಿಕ್ಸ್ ಕೀಟಗಳ ನಡಿಗೆ ನನಗೆ ಬೇಕಾದ ಕಳವಳವನ್ನು ಹುಟ್ಟಿಸಲಿಲ್ಲ. ಜೀವಂತ ಕೀಟಗಳನ್ನಿಟ್ಟುಕೊಂಡು ಮಾಡಿದ ಮೊದಲ ಪ್ರಯತ್ನದಲ್ಲಿ ದುಂಬಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಫೋಕಸ್ ತಪ್ಪಿತು. ದೀಪದ ಬಿಸಿ ತಾಳದೆ ಅದು ಫ್ರೇಮಿನಿಂದಲೇ ಆಚೆ ಹೋಯಿತು. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ನಿಧಾನವಾಗುತ್ತವೆ ಎಂದು ಒಬ್ಬರು ಹೇಳಿದರು. ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಅನುಭವವಿರುವವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ 1:
ಫೋಕಸ್ ತಪ್ಪಿದ್ದು ನಿಮ್ಮ ಕೈಯ ದೋಷವಲ್ಲ. ಮ್ಯಾಕ್ರೋ ಲೆನ್ಸಿನಿಂದ ಕೀಟದ ನಿಜಗಾತ್ರದ ಬಿಂಬವೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದಾಗ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಫ್ 11ರಷ್ಟು ಕಿರಿದಾಗಿದ್ದರೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಮಾತ್ರ. ಆದ್ದರಿಂದ ದುಂಬಿಯನ್ನು ಬೆನ್ನಟ್ಟುವುದನ್ನು ಬಿಟ್ಟು, ಅದು ನಡೆಯುವ ನೆಲಕ್ಕೇ ಫೋಕಸ್ ಕಟ್ಟಿಬಿಡಿ. ಗಾಜಿನ ಹಲಗೆಯನ್ನು ಮೇಜಿನಂತೆ ಅಡ್ಡಲಾಗಿರಿಸಿ, ಕೆಳಗಿನಿಂದ ಕ್ಯಾಮೆರಾವನ್ನು ನೇರ ಮೇಲ್ಮುಖವಾಗಿ ಇಟ್ಟರೆ, ಗಾಜಿಗೆ ತಾಗುವ ಆರೂ ಪಾದಗಳ ಉಗುರುಗಳು ಚೂಪಾಗಿ ಕಾಣುತ್ತವೆ, ಮೈ ಮಾತ್ರ ಮಸುಕು ನೆರಳಾಗಿ ಮೇಲೆ ತೇಲುತ್ತದೆ. ನಿಮ್ಮ ಕಥೆಗೆ ಇದಕ್ಕಿಂತ ಹೊಂದುವ ಚಿತ್ರ ನನಗೆ ತೋಚುತ್ತಿಲ್ಲ.

ಅಷ್ಟು ಹತ್ತಿರದಲ್ಲಿ ಎರಡು ಸ್ಟಾಪ್ ಬೆಳಕು (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕಿಳಿಯುತ್ತದೆ) ಲೆನ್ಸಿನಲ್ಲೇ ಕಳೆದುಹೋಗುತ್ತದೆ. ಸ್ಲೋ ಮೋಷನ್‌ಗಾಗಿ ಸೆಕೆಂಡಿಗೆ 24ರ ಬದಲು 96 ಫ್ರೇಮ್ ತೆಗೆದರೆ ಇನ್ನೆರಡು ಸ್ಟಾಪ್, ಅಂದರೆ ಒಟ್ಟು ಹದಿನಾರು ಪಟ್ಟು ಬೆಳಕು ಬೇಕು. ಬಿಸಿ ಕಡಿಮೆಯಿರುವ ಎಲ್‌ಇಡಿಯನ್ನೇ ಬಳಸಿ, ಆದರೆ ಆ ವೇಗದಲ್ಲಿ ಅದು ಮಿನುಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ.

ಉತ್ತರ 2:
ಫ್ರಿಜ್ ಬೇಡವೆಂಬ ನಿಮ್ಮ ಮನಸ್ಸಿನ ಮಾತನ್ನೇ ಕೇಳಿ. ತಣ್ಣಗಾದ ಕೀಟದ ಚಲನೆ ಕುಂಠಿತವಾಗುತ್ತದೆ, ಮತ್ತು ತೆರೆಯ ಮೇಲೆ ಅದು ನಿಗೂಢವಾಗಿ ಅಲ್ಲ, ಕಾಯಿಲೆಯಾದಂತೆ ಕಾಣುತ್ತದೆ. ಕೀಟ ತಾನಾಗಿ ಮಾಡುವುದನ್ನು ಕಾದು ಹಿಡಿಯಿರಿ. ದಪ್ಪ ಮೈಯ ಪತಂಗ ಹಾರುವ ಮುನ್ನ ತನ್ನ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳಲು, ಕುಳಿತಲ್ಲೇ ರೆಕ್ಕೆಗಳನ್ನು ನಡುಗಿಸುತ್ತದೆ. ತಂಪು ಮುಸ್ಸಂಜೆಯಲ್ಲಿ ಈ ನಡುಕ ಸಾಕಷ್ಟು ಹೊತ್ತು ನಡೆಯುತ್ತದೆ, ಕ್ಯಾಮೆರಾ ಸಿದ್ಧವಿದ್ದರೆ ಸಾಕು. ಅದನ್ನು ಬೆರಳಿನಿಂದ ಹಿಡಿಯಬೇಡಿ, ರೆಕ್ಕೆಯ ಹುಡಿ ಉದುರಿದರೆ ಮತ್ತೆ ಬರುವುದಿಲ್ಲ; ಕಾಗದದ ಚೂರನ್ನು ಮುಂದಿಟ್ಟರೆ ತಾನೇ ಹತ್ತಿಕೊಳ್ಳುತ್ತದೆ.

ಇರುವೆಗಳಿಗೆ ತೆಳುವಾದ ಸಕ್ಕರೆ ನೀರಿನಲ್ಲಿ ಕುಂಚದಿಂದ ಅಕ್ಷರ ಬರೆದಿಡಿ. ಅವು ಗೆರೆಯ ಎರಡೂ ಅಂಚಿನಲ್ಲಿ ಸಾಲುಗಟ್ಟಿ ಅಕ್ಷರವನ್ನು ತಾವೇ ಮೂಡಿಸುತ್ತವೆ. ಪಾಕ ದಪ್ಪವಾದರೆ ಕಾಲು ಅಂಟಿ ಸಾಯುತ್ತವೆ, ಎಚ್ಚರ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಹಿಡಿದ ಜಾಗದಲ್ಲೇ ಬಿಡಿ.

ಉತ್ತರ 3:
ಕಪ್ಪುಬಿಳುಪು ಮಾಡುವುದಾದರೆ ಕಡುಗೆಂಪು ಬೆಳಕನ್ನು ಪ್ರಯತ್ನಿಸಿ. ಹೆಚ್ಚಿನ ಕೀಟಗಳಿಗೆ ಕೆಂಪು ಸರಿಯಾಗಿ ಕಾಣದ ಕಾರಣ ಅವು ಗಾಬರಿಯಾಗುವುದಿಲ್ಲ. ಆದರೆ ಸಾಮಾನ್ಯ ಸೆನ್ಸರಿನಲ್ಲಿ ನಾಲ್ಕಕ್ಕೊಂದು ಪಿಕ್ಸೆಲ್ ಮಾತ್ರ ಕೆಂಪನ್ನು ಗ್ರಹಿಸುವುದರಿಂದ ಚಿತ್ರ ಒರಟಾದೀತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೊದಲು ಪತಂಗದ ದೃಶ್ಯವನ್ನೇ ತೆಗೆಯುತ್ತೇನೆ: ರೆಕ್ಕೆ ನಡುಗುವಷ್ಟು ಹೊತ್ತೂ ಚಿತ್ರದ ಹೆಸರು ಪಕ್ಕದಲ್ಲಿರಲಿ, ಅದು ಹಾರಿದ ಕ್ಷಣ ಅಕ್ಷರಗಳೂ ಹೋಗಲಿ.