ಗಾಯರಾಣದಾಗ ಗಿಡ ಹಚ್ಚಿದ್ರ ಹಕ್ಕಿ ಹೆಚ್ಚಾಗ್ತಾವೇನ್ರಿ? (ಆಳಂದ ಕಡಿ)

ಮಡ್ಡಿಹೊಲ_ಆಳಂದ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮೂರ ಗಾಯರಾಣದಾಗ (ದನ-ಕುರಿ ಮೇಯೋ ಊರ ಹುಲ್ಲು ಬಯಲು) ಬರೋ ಮಳಿಗಾಲಕ್ಕ ಬೇವು, ಹೊಂಗಿ, ಗುಲ್‌ಮೊಹರ್ ಹಚ್ಚಬೇಕಂತ ಪಂಚಾಯ್ತಿ ಒಳಗ ಮಾತ್ ನಡದದ. ಗಿಡ ಆದ್ರ ಹಕ್ಕಿ ಬರ್ತಾವ ಅಂತ ಎಲ್ಲಾರೂ ಹೇಳ್ಲತ್ತಾರ. ಆದ್ರ ನಾ ದಿನಾ ಕುರಿ ಬಿಟ್ಟಲ್ಲಿ ನೋಡೋದು ಬ್ಯಾರೇನೇ ಅದ. ಈಗ ಚಳಿ ದಿನದಾಗ ಉದ್ದ ರೆಕ್ಕಿ ಹದ್ದಿನಂಥ ಹಕ್ಕಿ ಹುಲ್ಲಿಗಿ ತಾಗೋ ಹಂಗ ಕೆಳಗ ಹಾರ್ತಾವ, ಸಂಜಿಮುಂದ ಒಂದೊಂದೇ ಬಂದು ಹುಲ್ಲಿನಾಗೇ ಇಳೀತಾವ, ಬಾಜೂಕ ಜಾಲಿ ಗಿಡ ಇದ್ರೂ ಅದರ ಮ್ಯಾಲ ಕೂಡಂಗಿಲ್ಲ. ಬ್ಯಾಸಗಿ ಬಂತಂದ್ರ ಅವು ಒಂದೂ ಇರಂಗಿಲ್ಲ, ಆಗ ಹಳದಿ ಟಿಟ್ಟಿಭ ಬರಿ ನೆಲದ ಮ್ಯಾಲ ತತ್ತಿ ಇಟ್ಟಿರ್ತಾವ. ಗ್ರಾಮಸಭಾದಾಗ ಮಾತಾಡಬೇಕಂತ ಮಾಡೀನಿ, ಯಾವು ಇಲ್ಲೇ ಮರಿ ಮಾಡ್ತಾವ, ಯಾವು ಚಳಿಗಾಲಕ್ಕಷ್ಟೇ ಬರ್ತಾವ, ಅವಕ್ಕ ಈ ಜಾಗಾನೇ ಯಾಕ ಬೇಕು, ತಿಳಿದವ್ರು ಹೇಳ್ರಿ.

ಕಾರಂಜಾ_ದಂಡಿ (ಬೀದರ್):
ಅಣ್ಣಾ, ಹುಲ್ಲಿನಾಗ ಇಳಿಯೋವು ಹ್ಯಾರಿಯರ್ ಇರಬೇಕು ನೋಡ್ರಿ, ಮಾಂಟೆಗೂ ಇಲ್ಲಾ ಪ್ಯಾಲಿಡ್ ಅನ್ನೋ ಜಾತಿ. ಕಝಾಕಸ್ತಾನದಂಥ ದೇಶದ ಹುಲ್ಲು ಬಯಲಿನಾಗ ನೆಲದ ಮ್ಯಾಲೇ ಗೂಡು ಕಟ್ಟಿ ಮರಿ ಮಾಡಿ, ಸೆಪ್ಟೆಂಬರ್-ಅಕ್ಟೋಬರ್‌ಕ್ಕ ಈ ಕಡಿ ಬರ್ತಾವ, ಮಾರ್ಚ್-ಏಪ್ರಿಲ್ ಹೊತ್ತಿಗಿ ವಾಪಸ್. ಅಲ್ಲೂ ಬಯಲು, ಇಲ್ಲೂ ಬಯಲೇ ಬೇಕು. ಹಗಲಿಗಿ ಜ್ವಾಳ, ತೊಗರಿ ಹೊಲದ ಮ್ಯಾಲ ಅಡ್ಡಾಡಿ ಮಿಡತಿ, ಇಲಿ, ಸಣ್ಣ ಹಕ್ಕಿ ಹಿಡ್ಕೊಂಡು ತಿಂತಾವ, ರಾತ್ರಿ ಮಲಗ್ಲಾಕ ಮಾತ್ರ ಹುಲ್ಲು ಬೆಳದ ಬಯಲಿನಾಗೇ ಎಲ್ಲಾ ಕೂಡ್ತಾವ. ಹಂಗಾಗಿ ಆ ಒಂದು ಜಾಗಾ ಹ್ವಾದ್ರ ಸುತ್ತಲಿನ ಊರಿನ ಹೊಲದಾಗೂ ಅವು ಕಡಿಮಿ ಆಗ್ತಾವ, ಮಿಡತಿ ಹಿಡಿಯೋರು ಯಾರು ಆಮ್ಯಾಲ?

ಇನ್ನ ಇಲ್ಲೇ ಮರಿ ಮಾಡೋವು. ಹಳದಿ ಟಿಟ್ಟಿಭ ಹೆಚ್ಚಾಗಿ ಮಾರ್ಚ್‌ಲಿಂದ ಜುಲೈ ತನ ತತ್ತಿ ಇಡ್ತದ, ಒಂದ್ ಗೂಡಿಗಿ ನಾಕು, ಮಣ್ಣು ಕಲ್ಲಿನ ಬಣ್ಣನೇ ಇರ್ತದ ಅವಕ್ಕ. ನೆಲಗುಬ್ಬಿದು ಒಮ್ಮಿ ಕುಂತು ನೋಡ್ರಿ. ಹೆಂಟಿ ಇಲ್ಲಾ ಹುಲ್ಲಿನ ಬುಡದ ನೆರಳಿಗಿ ಅಂಗೈಗಿಂತ ಸಣ್ಣ ಕುಣಿ, ಒಳಗ ಒಣ ಹುಲ್ಲು, ಎಷ್ಟೋ ಸಲ ಅಂಚಿಗಿ ಸಣ್ಣ ಸಣ್ಣ ಹರಳು ಇಟ್ಟಿರ್ತದ, ಎರಡೋ ಮೂರೋ ತತ್ತಿ. ಎರಡು ಹೆಜ್ಜಿ ದೂರ ನಿಂತ್ರೂ ಕಾಣಂಗಿಲ್ಲ. ಗಿಡ ಹಚ್ಚೋ ಗುಂಡಿ ತೋಡೋದು ಯಾವಾಗ? ಮೇ-ಜೂನ್‌ದಾಗೇ ಅಲ್ಲಾ? ಅದೇ ಹೊತ್ತಿಗಿ ಜೆಸಿಬಿ ಬರ್ತದ.

ಶಾಲಿ_ಮೇಷ್ಟ್ರು_ಕಲಬುರಗಿ:
ನಾ ಒಂದ್ ಮಾತ್ ಹೇಳ್ಲಾ, ಗಿಡಾನೇ ಬ್ಯಾಡ ಅಂದ್ರ ಸಭಾದಾಗ ಒಬ್ರೂ ಕೇಳಂಗಿಲ್ರಿ, ನಮ್ಮ ಬಿಸಲು ಹಂಥಾದ್ದದ, ಮಂದಿಗಿ ನೆರಳು ಬೇಕು. ಶಾಲಿ ಅಂಗಳ, ಸಡಕಿನ ಬಾಜೂಕ, ಹಳ್ಳದ ದಂಡಿ ಇಲ್ಲೆಲ್ಲಾ ಹಚ್ರಿ ಅಂತ ನೀವೇ ಮುಂದಾಗಿ ಹೇಳ್ರಿ. ಗೀಜಗ ಮಳಿಗಾಲದಾಗ ಗೂಡು ನೇಯೋದು ಬಾವಿ ಮ್ಯಾಲ ಬಾಗಿದ ಜಾಲಿ, ಈಚಲ ಗಿಡಕ್ಕ, ನೀಲಕಂಠಕ್ಕ ಮರಿ ಮಾಡ್ಲಾಕ ಹಳಿ ಗಿಡದ ಪೊಟರಿ ಬೇಕು. ಇದ್ದ ಹಳಿ ಗಿಡ ಕಡಿಬ್ಯಾಡ್ರಿ, ಬಯಲು ತುಂಬಿಸಬ್ಯಾಡ್ರಿ, ಎರಡೂ ಒಟ್ಟಿಗೇ ಹೇಳಬೇಕು.

ಬೋನಾಳ_ಕೆರಿ:
ಸುರಪುರ ಕಡಿಯವ ನಾ. ಬೋನಾಳ ಕೆರಿದಾಗೂ ಇದೇ ಕಥಿ ಅದ, ಚಳಿಗಾಲಕ್ಕ ಪಟ್ಟೆತಲೆ ಬಾತು ಬರ್ತಾವ, ಟಿಬೆಟ್, ಮಂಗೋಲಿಯಾ ಕಡಿ ಮರಿ ಮಾಡಿ ಹಿಮಾಲಯ ದಾಟಿ ಬರೋವು, ಹಗಲಿಗಿ ನೀರಿನಾಗ ಇದ್ದು ಹೊತ್ತು ಮುಣುಗಿದ ಮ್ಯಾಲ ಹೊಲಕ್ಕ ಮೇಯ್ಲಾಕ ಹೋಗ್ತಾವ. ಮಳಿಗಾಲದಾಗ ಹೋದ್ರ ಜೇಕಿನಾಗ ಜಂಬುಕೋಳಿ ಮರಿ ಮಾಡೋ ಟೈಮ್. ಕೆರಿ ಒಂದೇ, ಆದ್ರ ಒಬ್ಬೊಬ್ರಿಗಿ ಬೇಕಾದ ಜಾಗಾ ಬ್ಯಾರೆ.

ಅದಕ್ಕೇ ನಿಮಗ ಹೇಳೋದು, ಬರೀ ಜನವರಿದಾಗ ಎಣಿಸಿದ್ರ ಅರ್ಧಾನೇ ಸಿಗ್ತದ. ಏಷ್ಯಾದ ನೀರಹಕ್ಕಿ ಗಣತಿ 1987ಲಿಂದ ಜನವರಿದಾಗ ನಡೀತದ, ಅದು ಚಳಿಗಾಲದ ಲೆಕ್ಕ. ಕೇರಳದವ್ರು 2015ಲಿಂದ 2020ರ ತನ ಇಡೀ ರಾಜ್ಯ ಚೌಕ ಚೌಕ ಮಾಡಿ ಹಕ್ಕಿ ಅಟ್ಲಾಸ್ (ಯಾವ ಹಕ್ಕಿ ಎಲ್ಲೆಲ್ಲಿ ಅದ ಅಂತ ತೋರ್ಸೋ ನಕ್ಷಾ) ಮಾಡಿದ್ರಲ್ಲಾ, ಒಂದೇ ಜಾಗಾಕ್ಕ ಬ್ಯಾಸಗಿ ಮೊದಲ ಒಮ್ಮಿ, ಮಳಿಗಾಲದಾಗ ಒಮ್ಮಿ ಹೋಗಿ ಎಣಿಸ್ಯಾರ. ನೀವೂ ಗಾಯರಾಣ ಹಂಗೇ ಮಾಡ್ರಿ, ದಿನಾ ಅಲ್ಲೇ ಇರ್ತೀರಿ. ಹದಿನೈದು ನಿಮಿಷ ನಿಂತು ಕಂಡದ್ದೆಲ್ಲಾ ಈಬರ್ಡ್ ಅನ್ನೋ ಹಕ್ಕಿ ಲೆಕ್ಕ ಬರಿಯೋ ಆ್ಯಪ್‌ದಾಗ ಹಾಕ್ರಿ, ತತ್ತಿ, ಮರಿ, ಬಾಯಾಗ ಹುಳ ಹಿಡ್ಕೊಂಡು ಹೋಗೋದು ಕಂಡ್ರ ಅದನ್ನೂ ಬರೀರಿ, ಇಲ್ಲೇ ಮರಿ ಮಾಡ್ತಾವ ಅನ್ಲಾಕ ಅದೇ ಪುರಾವೆ. ಗೂಡಿನ ಹತ್ರ ಮಾತ್ರ ಭಾಳ ಹೊತ್ತು ನಿಲ್ಲಬ್ಯಾಡ್ರಿ.

ಮಡ್ಡಿಹೊಲ_ಆಳಂದ:
ಭಾಳ ಉಪಕಾರ ಆಯ್ತ್ರಿ. ಶಾಲಿ ಮತ್ತ ಹಳ್ಳದ ದಂಡಿ ಅಂದ್ರ ಒಪ್ತಾರ ಅನಸ್ತದ. ಇನ್ನೊಂದ್, ನಮ್ಮ ಕುರಿ ಮೇಯೋದ್ರಿಂದ ಇವಕ್ಕ ತೊಂದ್ರಿ ಆಗ್ತದೇನು?

ಕಾರಂಜಾ_ದಂಡಿ (ಬೀದರ್):
ಸಣ್ಣ ಹುಲ್ಲು, ಬರಿ ನೆಲ ಇದ್ರ ಟಿಟ್ಟಿಭ, ನೆಲಗುಬ್ಬಿಗಿ ಛಲೋನೇ, ಕುರಿ ಮೇದ್ರ ಹಂಗಿರ್ತದ. ಆದ್ರ ಹ್ಯಾರಿಯರ್ ಇಳಿಯೋ ತುಣುಕು ಅಕ್ಟೋಬರ್‌ಲಿಂದ ಮಾರ್ಚ್ ತನ ಬಿಟ್ಟು ಮೇಯ್ಸ್ರಿ, ಹುಲ್ಲು ಎತ್ತರ ಉಳೀತದ, ಬೆಂಕಿ ಹಚ್ಚೋರಿಗೂ ಹೇಳ್ರಿ. ಮತ್ತ ಹ್ಯಾರಿಯರ್ ಫೋಟೋ ಸಿಕ್ಕ್ರ ಇಲ್ಲಿ ಹಾಕ್ರಿ. ಎರಡೂ ಜಾತಿ ಹೆಣ್ಣು ಕಂದು ಬಣ್ಣಾನೇ, ಪ್ಯಾಲಿಡ್‌ಕ್ಕ ಕೊರಳ ಸುತ್ತ ತೆಳು ಬಿಳಿ ಪಟ್ಟಿ ಇರ್ತದ, ಮಾರಿ ಬಾಜೂಲಿಂದ ಬಂದ್ರ ಗುರ್ತ ಹಿಡಿಬಹುದು.