ಪದಚರ್ಚೆ: ಮಾದರಿ ಹಡಗಿನ ಬಲ್ಕ್‌ಹೆಡ್‌ಗೆ ‘ಅಡ್ಡಗೋಡೆ’ ಸರಿಯೇ? (ನಾಳೆ ಬೆಳಗ್ಗೆಯೊಳಗೆ ಬೇಕು)

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಕಟ್ಟಿ ಸಾರ್ಕ್ ಎಂಬ ಕ್ಲಿಪ್ಪರ್, ಅಂದರೆ ವೇಗದ ಹಾಯಿಹಡಗಿನ 1:96 ಮಾದರಿ ಕಟ್ಟುವ ಕೈಪಿಡಿ ಕನ್ನಡಕ್ಕೆ ಮಾಡುತ್ತಿದ್ದೇನೆ, ನಾಳೆ ಹನ್ನೊಂದಕ್ಕೆ ಅಚ್ಚಿಗೆ ಹೋಗಬೇಕು. ಮೂಲ ಬರೆದವರ ಮುತ್ತಜ್ಜ ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯಲ್ಲಿ ಹಡಗು ಕಟ್ಟುತ್ತಿದ್ದವರಂತೆ. ಆ ಒಂದು ಪ್ಯಾರಾ ಬಿಟ್ಟರೆ ಉಳಿದದ್ದೆಲ್ಲ ಬರೀ ಮರಗೆಲಸ. ತೊಡಕಾಗಿರುವ ವಾಕ್ಯ: “ಬಲ್ಕ್‌ಹೆಡ್‌ಗಳನ್ನು ಬೆನ್ನುಹಲಗೆಯ ಕಚ್ಚುಗಳಲ್ಲಿ ಕೂರಿಸಿ, ಅಂಚುಗಳನ್ನು ಓರೆಯಾಗಿ ಉಜ್ಜಿ.” ಬೆನ್ನುಹಲಗೆ ಅಂದರೆ ಮಾದರಿಯ ಉದ್ದಕ್ಕೂ ನಡುವೆ ನಿಲ್ಲುವ ಹಲಗೆ. ಬಲ್ಕ್‌ಹೆಡ್‌ಗೆ ನಿಘಂಟಿನಲ್ಲಿ ‘ಅಡ್ಡಗೋಡೆ’, ‘ವಿಭಾಜಕ ಭಿತ್ತಿ’ ಎಂದಿದೆ. ಗೋಡೆಯ ಅಂಚನ್ನು ಉಜ್ಜುವುದು ಎಂದು ಬರೆದರೆ ಓದುವವರು ನಗುತ್ತಾರೆ. ಇದರ ಜೊತೆ ರಿಗ್ಗಿಂಗ್‌ಗೂ, ಅಂದರೆ ಹಡಗಿನ ಹಗ್ಗಗಳ ಏರ್ಪಾಟಿಗೂ, ಒಂದು ಪದ ಹೇಳಿ.

ಉಳಿಬಾಚಿ:

ಗೋಡೆ ಬೇಡವೇ ಬೇಡ. ನಿಜ ಹಡಗಿನಲ್ಲಿ ಬಲ್ಕ್‌ಹೆಡ್ ಒಳಭಾಗಗಳನ್ನು ಬೇರೆ ಮಾಡುತ್ತದೆ, ಸರಿ. ಮಾದರಿಯಲ್ಲಿ ಅದಕ್ಕೆ ಆ ಕೆಲಸವೇ ಇಲ್ಲ. ಪ್ಲೈವುಡ್ಡಿನಲ್ಲಿ ಕತ್ತರಿಸಿದ ಒಂದೊಂದು ತುಂಡೂ ಆ ಜಾಗದಲ್ಲಿ ಹಡಗಿನ ಒಡಲು ಎಷ್ಟು ಅಗಲ, ಎಷ್ಟು ದುಂಡು ಎಂದು ಹೇಳುವ ಅಚ್ಚು, ಅಷ್ಟೆ. ಹಾಗಾಗಿ ‘ಅಡ್ಡಚ್ಚು’ ಎನ್ನಿ.

‘ಪಕ್ಕೆಲುಬು’ ಅಂತ ಯಾರಾದರೂ ಹೇಳುವ ಮೊದಲೇ ಬೇಡ ಎನ್ನುತ್ತೇನೆ. 1869ರಲ್ಲಿ ಡಂಬಾರ್ಟನ್ನಿನಲ್ಲಿ ನೀರಿಗಿಳಿದ ಈ ಹಡಗಿನ ಪಕ್ಕೆಲುಬುಗಳು ಕಬ್ಬಿಣದವು, ಅವುಗಳ ಮೇಲೆ ಹೊದಿಸಿದ್ದು ಮರದ ಹಲಗೆ. ಪ್ಲೈ ತುಂಡಿಗೆ ಪಕ್ಕೆಲುಬು ಎಂದರೆ ಓದುವವನು ನಿಜ ಹಡಗೂ ಹೀಗೇ ಇತ್ತು ಅಂದುಕೊಳ್ಳುತ್ತಾನೆ.

‘ಓರೆಯಾಗಿ ಉಜ್ಜಿ’ ಅನ್ನುವುದನ್ನೂ ಬಿಡಿಸಿ ಬರೆಯಿರಿ, ಹೆಚ್ಚಿನವರು ಕೆಡಿಸುವುದು ಅಲ್ಲೇ. ಮೂತಿಯ ಕಡೆಯ ಅಡ್ಡಚ್ಚುಗಳ ಮುಂಅಂಚು, ಹಿಂಭಾಗದವುಗಳ ಹಿಂಅಂಚು ಇಳಿಜಾರಾಗಬೇಕು. ತೆಳು ಪಟ್ಟಿಯೊಂದನ್ನು ಮೂರ್ನಾಲ್ಕು ಅಚ್ಚುಗಳ ಮೇಲೆ ಹಾಸಿ ನೋಡಬೇಕು. ಅಂಚಿನ ಪೂರ್ತಿ ದಪ್ಪಕ್ಕೆ ಪಟ್ಟಿ ಅಂಟಿ ಕೂತರೆ ಸಾಕು. ಚೂಪು ಮೂಲೆಗೆ ಮಾತ್ರ ತಾಗುತ್ತಿದ್ದರೆ ಇನ್ನೂ ಉಜ್ಜಬೇಕು, ನಡುವೆ ಬೆಳಕು ಕಂಡರೆ ಹೆಚ್ಚು ಉಜ್ಜಿದ್ದೀರಿ, ಅಲ್ಲಿ ಚಕ್ಕೆ ಅಂಟಿಸಿ ಸರಿಮಾಡಬೇಕು.

ನುಡಿಬೇರು:

‘ಅಡ್ಡಚ್ಚು’ ಲೋಪಸಂಧಿಯ ಲೆಕ್ಕದಲ್ಲಿ ಸರಿ, ಕಿವಿಗೆ ಮಾತ್ರ ಅಡ್ಡಾದಿಡ್ಡಿ.

ಅದಿರಲಿ. ಮೊನ್ನೆ ಇಲ್ಲೇ ಯಾರೋ ‘ಹಾಯಿ’ ಬಂದದ್ದು ‘ಹಾಯು’ ಧಾತುವಿನಿಂದ, ಕಡಲು ಹಾಯುವುದರಿಂದ ಹಾಯಿ, ಎಂದು ಬರೆದಿದ್ದರು. ಶುದ್ಧ ತಪ್ಪು. ತಮಿಳಿನ ‘ಪಾಯ್’ ನೋಡಿ. ಅದಕ್ಕೆ ಚಾಪೆ ಎಂದೂ ಹಾಯಿ ಎಂದೂ ಎರಡು ಅರ್ಥ. ಪಕಾರ ಹಕಾರವಾಗಿ ನಮ್ಮಲ್ಲಿ ಹಾಯಿ ಆಯಿತು, ಪಡಗು ಹಡಗಾದ ಹಾಗೆ. ಅನುವಾದಕಿಯವರು ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಬೇಕು.

ಅನುವಾದಕಿ:

ಸರ್, ಅಡಿಟಿಪ್ಪಣಿಗೆ ಜಾಗ ಇಲ್ಲ. ರಿಗ್ಗಿಂಗ್?

ಬರಿಗನ್ನಡ:

ಅಡ್ಡಗೋಡೆಯೂ ಬೇಡ, ಸಕ್ಕದದ ‘ವಿಬಾಜಕ ಬಿತ್ತಿ’ಯಂತೂ ಬೇಡವೇ ಬೇಡ. ‘ಒಳತಡೆ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ಕ್ಲಿಪ್ಪರ್‌ಗೆ ‘ಬಿರುಹಡಗು’. ಹಡಗಿನ ಹೆಸರನ್ನೂ ಕನ್ನಡಿಸಬಹುದು: ಸ್ಕಾಟ್ಸ್ ನುಡಿಯಲ್ಲಿ ಕಟ್ಟಿ ಸಾರ್ಕ್ ಎಂದರೆ ಗಿಡ್ಡ ಒಳಂಗಿ, ಆದ್ದರಿಂದ ‘ತುಂಡಂಗಿ’. ಕಡಲಿನ ನುಡಿ ನಮ್ಮದೇ. ಹಡಗು, ಹಾಯಿ, ಕೂವೆ, ಚುಕ್ಕಾಣಿ, ಲಂಗರು, ಬಂದರು, ಇವೆಲ್ಲ ಇರುವಾಗ ಎರವಲು ಏಕೆ?

ನುಡಿಬೇರು:

ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’. ಲಂಗರು, ಬಂದರು ಎರಡೂ ಪಾರಸಿ. ನೀವು ಕೊಟ್ಟ ಆರರಲ್ಲಿ ಮೂರು ಎರವಲು. ಮುಂದಿನ ಪಟ್ಟಿ ಕಳಿಸುವ ಮೊದಲು ನಿಘಂಟು ತೆರೆಯಿರಿ.

‘ಬಿರು’ ಅಂದರೆ ಕಟುವಾದದ್ದು: ಬಿರುಬಿಸಿಲು, ಬಿರುನುಡಿ. ಚೀನಾದಿಂದ ಲಂಡನ್ನಿಗೆ ಚಹಾ ಬೇಗ ತರಲೆಂದು ಕಟ್ಟಿದ ಹಡಗು ಅದು, ಬೈಗುಳ ತರಲು ಅಲ್ಲ.

ಬರಿಗನ್ನಡ:

ಬಂದು ನೂರಾರು ವರುಶವಾದ ಮೇಲೆ ಅದು ನಮ್ಮದೇ. ಈಗ ಹೊಸದಾಗಿ ತರುವುದು ಬೇಡ ಅನ್ನುತ್ತಿದ್ದೇನೆ. ಓದಿದ ಮೇಲೆ ಬೈಯಿರಿ.

ಉಳಿಬಾಚಿ:

‘ತುಂಡಂಗಿ’ಯನ್ನು ದಯವಿಟ್ಟು ಮರೆತುಬಿಡಿ. ಗ್ರೀನಿಚ್‌ನಲ್ಲಿ ಈಗಲೂ ನಿಂತಿರುವ ಹಡಗು ಅದು, ಹುಡುಕುವವನಿಗೆ ಹೆಸರು ಸಿಗಬೇಕು. ‘ಒಳತಡೆ’ಯೂ ಆಗದು. ಮಾದರಿಯಲ್ಲಿ ಅದು ಯಾವುದನ್ನೂ ತಡೆಯುವುದಿಲ್ಲ.

ರಿಗ್ಗಿಂಗ್: ಒಟ್ಟಿಗೆ ಹೇಳುವಾಗ ‘ಹಗ್ಗಗಟ್ಟು’. ಒಳಗೆ ಎರಡು ಬಗೆ. ಕೂವೆಮರವನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಅಲುಗದ ಹಾಗೆ ಹಿಡಿಯುವವು ‘ಬಿಗಿಹಗ್ಗ’, ಹಾಯಿಯನ್ನೂ ಅದರ ಅಡ್ಡಮರವನ್ನೂ ಆಡಿಸುವವು ‘ಎಳೆವ ಹಗ್ಗ’. ‘ಎಳೆಹಗ್ಗ’ ಎಂದು ಕೂಡಿಸಬೇಡಿ, ನೂಲಿನ ಎಳೆ ಎಂದುಕೊಳ್ಳುತ್ತಾರೆ. ಬಿಗಿಹಗ್ಗಕ್ಕೆ ಕಪ್ಪು ದಾರ, ಎಳೆವ ಹಗ್ಗಕ್ಕೆ ಅದಕ್ಕಿಂತ ಸಣ್ಣದು, ನಾರಿನ ಬಣ್ಣದ್ದು. ಹತ್ತಿಯ ದಾರವಾದರೆ ಮೊದಲು ಜೇನುಮೇಣಕ್ಕೆ ಎಳೆದು ಒರೆಸಬೇಕು, ಇಲ್ಲವೆಂದರೆ ನವಿರು ಎದ್ದು ಹಗ್ಗ ಕಂಬಳಿಹುಳದಂತೆ ಕಾಣುತ್ತದೆ. ಬಿಗಿಹಗ್ಗವನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿಯೇ ಕಟ್ಟಬೇಕು. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೂವೆ ಆ ಬದಿಗೆ ವಾಲಿರುತ್ತದೆ.

ಅವುಗಳ ಮೇಲೆ ಖಲಾಸಿಗಳು ಹತ್ತುವ ಅಡ್ಡಹುರಿಗಳಿಗೆ ‘ಹತ್ತುಹುರಿ’ ಎನ್ನಿ. ನಿಜದಲ್ಲಿ 15 ಇಂಚಿಗೊಂದು ಇದ್ದರೆ 1:96ರಲ್ಲಿ ಸುಮಾರು 4 ಮಿ.ಮೀ. ಹಿಂದೆ ಗೆರೆ ಎಳೆದ ರಟ್ಟು ಇಟ್ಟು ಕಟ್ಟಬೇಕು. ಗಂಟು ಬಿಗಿ ಮಾಡುವ ಹುಮ್ಮಸ್ಸಿನಲ್ಲಿ ಜಗ್ಗಿದರೆ ಎರಡೂ ಕಡೆಯ ಬಿಗಿಹಗ್ಗ ಒಳಗೆ ಸೆಳೆದು ಡಮರುವಿನ ನಡುವಾಗುತ್ತದೆ, ಆಮೇಲೆ ಬಿಚ್ಚದೆ ಬೇರೆ ದಾರಿ ಇಲ್ಲ.

ಅನುವಾದಕಿ:

ಉಪಕಾರವಾಯಿತು. ಇನ್ನೊಂದೇ ಒಂದು: “ಹಲಗೆಗಳನ್ನು ಮೂತಿಯ ಕಡೆಗೆ ಟೇಪರ್ ಮಾಡಿ.” ‘ಚೂಪುಗೊಳಿಸಿ’ ಎಂದು ಹಾಕಿದ್ದೇನೆ.

ಉಳಿಬಾಚಿ:

ಚೂಪು ಎಂದರೆ ಓದುವವನು ಪೆನ್ಸಿಲ್ ಕೆತ್ತಿದ ಹಾಗೆ ಕೆತ್ತುತ್ತಾನೆ. ‘ಅಗಲ ಕಿರಿದು ಮಾಡುತ್ತ ಬನ್ನಿ’. ಲೆಕ್ಕ ಹೀಗೆ: ನಡುವಿನ ಅಡ್ಡಚ್ಚಿನ ಅಂಚನ್ನು ಕಾಗದದ ಪಟ್ಟಿಯಲ್ಲಿ ಅಳೆಯಿರಿ. 100 ಮಿ.ಮೀ. ಬಂದರೆ 5 ಮಿ.ಮೀ. ಹಲಗೆ 20 ಬೇಕು. ಮೂತಿಯ ಹತ್ತಿರ ಅದೇ ಅಳತೆ 60 ಇದ್ದರೆ ಅವೇ 20 ಹಲಗೆ ಅಲ್ಲಿ 3 ಮಿ.ಮೀ.ಗೆ ಇಳಿಯಬೇಕು. ಅರ್ಧಕ್ಕಿಂತ, ಅಂದರೆ ಎರಡೂವರೆಗಿಂತ, ಕಿರಿದು ಮಾಡಬೇಡಿ. ಅಷ್ಟು ಬೇಕಾದರೆ ಒಂದು ಹಲಗೆಯನ್ನು ಮೊದಲೇ ನಿಲ್ಲಿಸಿ. ಕಿರಿದು ಮಾಡದೆ ಅಡ್ಡಕ್ಕೆ ಒತ್ತಿ ಬಗ್ಗಿಸಿದರೆ ಒಂದು ಅಂಚು ಮೇಲೆದ್ದು ಹಂಚು ಹೊದಿಸಿದ ಹಾಗಾಗುತ್ತದೆ. ನೆನೆಸಿದ ಹಲಗೆಯನ್ನು ಕ್ಲಿಪ್ ಹಾಕಿ ಒಣಗಿಸಿ, ಆಮೇಲೆ ಅಂಟಿಸಬೇಕು. ಒದ್ದೆಯಲ್ಲೇ ಅಂಟಿಸಿದರೆ ಒಣಗಿ ಕುಗ್ಗಿ ಸಂದು ಬಿಡುತ್ತದೆ. ಇಲ್ಲೂ ಎಡ ಬಲ ಒಂದೊಂದಾಗಿ, ಇಲ್ಲದಿದ್ದರೆ ಬೆನ್ನುಹಲಗೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ.

ಮುತ್ತಜ್ಜನಿಗೆ ‘ನೌಕಾನಿರ್ಮಾಪಕ’ ಎಂದು ಹಾಕಿಲ್ಲ ತಾನೇ? ‘ಹಡಗು ಬಡಗಿ’ ಸಾಕು.

ನುಡಿಬೇರು:

‘ಬಡಗಿ’ ಬಂದದ್ದು ಸಂಸ್ಕೃತದ ‘ವರ್ಧಕಿ’ಯಿಂದ, ಪ್ರಾಕೃತದ ‘ವಡ್ಢಇ’ಯ ಮೂಲಕ. ಬರಿಗನ್ನಡದವರು ಇದನ್ನೂ ಬಿಡುತ್ತಾರೋ?

ಬರಿಗನ್ನಡ:

ನಾನು ಈ ಎಳೆಯಿಂದ ಹೊರಗೆ.

ಅನುವಾದಕಿ:

ಅಡ್ಡಚ್ಚು, ಹಗ್ಗಗಟ್ಟು, ಬಿಗಿಹಗ್ಗ, ಹಡಗು ಬಡಗಿ, ಇಷ್ಟು ಹಾಕಿ ಕಳಿಸಿದೆ. ಕ್ಲಿಪ್ಪರ್ ಕ್ಲಿಪ್ಪರೇ.

ನುಡಿಬೇರು:

ಪಕಾರಕ್ಕೆ ಒತ್ತು ಏಕೆ? ‘ಕ್ಲಿಪರ್’ ಸಾಕಿತ್ತು.