ಅಪ್‌ಡೇಟ್: ಅಣ್ಣನ ಮೊಣಕಾಲಿನ ಕೇಸಿನ ತೀರ್ಪು ಬಂತು

ನೆನಪಿರಬಹುದು, ಬೈಕ್ ಅಪಘಾತದಲ್ಲಿ ಅಣ್ಣನ ಮೊಣಕಾಲು ಹೋಗಿತ್ತು, ಮೆಡಿಕಲ್ ಬೋರ್ಡ್ 30 ಶೇಕಡಾ ಊನ ಅಂತ ಬರೆದಿದೆ, ಪರಿಹಾರವೂ ಅಷ್ಟೇ ಲೆಕ್ಕದಲ್ಲಾ ಅಂತ ಕೇಳಿದ್ದೆ. ಅಲ್ಲ. ಊನದ ಶೇಕಡಾ ಬೇರೆ, ದುಡಿಯುವ ಶಕ್ತಿ ಹೋದದ್ದು ಬೇರೆ.

ನಮ್ಮ ವಕೀಲರು ಹಿಡಿದದ್ದು ಸುಪ್ರೀಂ ಕೋರ್ಟ್‌ನ 2010ರ ರಾಜ್ ಕುಮಾರ್ ತೀರ್ಪು. ಎಡಗೈ ಹೋದರೆ ಬಡಗಿಗೋ ಡ್ರೈವರಿಗೋ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋಯಿತು, ಆದರೆ ಸರಕಾರಿ ಗುಮಾಸ್ತನ ಕೆಲಸ ಉಳಿಯಬಹುದು ಅಂತ ಅದರಲ್ಲೇ ಇದೆ. ಮೊದಲು ಏನು ಕೆಲಸ ಮಾಡುತ್ತಿದ್ದರು, ಈಗ ಏನು ಸಾಧ್ಯ, ಬೇರೆ ಕೆಲಸ ಮಾಡಿ ಬದುಕಬಹುದಾ ಅಂತ ನೋಡಬೇಕು.

ಅಣ್ಣ ಬದಿಯಡ್ಕ ಕಡೆ ತೋಟಗಳಲ್ಲಿ ಅಡಿಕೆ ಕೊಯ್ಯುವವನು. ಹಾಗಾಗಿ ಸರ್ಟಿಫಿಕೇಟ್ ಮಾತ್ರ ಕೊಟ್ಟು ಸುಮ್ಮನಾಗಲಿಲ್ಲ, ಮೂಳೆ ಡಾಕ್ಟರನ್ನು ಸಾಕ್ಷಿಗೆ ಕರೆಸಿದೆವು. ಮೊಣಕಾಲು 90 ಡಿಗ್ರಿಗಿಂತ ಜಾಸ್ತಿ ಮಡಚುವುದಿಲ್ಲ ಅಂದರು. ತಳೆ (ಪಾದಗಳಿಗೆ ಸಿಕ್ಕಿಸುವ ಹಗ್ಗದ ಬಳೆ) ಹಾಕಿ ಮರ ಹತ್ತುವಾಗ ಕಾಲು ಹೇಗೆ ಮಡಚುತ್ತದೆ ಅಂತ ಅಣ್ಣ ಅಲ್ಲೇ ಕುರ್ಚಿ ಹಿಡಿದು ತೋರಿಸಿದ, ಅರ್ಧಕ್ಕೇ ನಿಂತುಹೋಯಿತು. ನನಗೆ ಕಣ್ಣು ತುಂಬಿತು.

ಕೊನೆಗೆ ಕೋರ್ಟಿನವರು ದುಡಿಯುವ ಶಕ್ತಿ ಹೋದದ್ದು 60 ಶೇಕಡಾ ಅಂತ ಲೆಕ್ಕ ಹಾಕಿದರು. ಕುಳಿತು ಮಾಡುವ ಕೆಲಸ ಇನ್ನೂ ಸಾಧ್ಯ ಅಂತ ಪೂರ್ತಿ ಕೊಡಲಿಲ್ಲ.

ಇಂಥ ಕೇಸು ಇರುವವರು ಡಾಕ್ಟರ ಹತ್ತಿರ ಕೆಲಸದ ಹೆಸರು ಮಾತ್ರ ಹೇಳಬೇಡಿ. ಎಷ್ಟು ಭಾರ ಹೊರುತ್ತೀರಿ, ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರುತ್ತೀರಿ, ಎಲ್ಲಾ ಬಿಡಿಸಿ ಹೇಳಿ, ಬರೆಸಿಕೊಳ್ಳಿ. ಅಂದು ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.